ಬಾಗಿಲಿಗೆ ಅಡ್ಡವಿಟ್ಟ ಬಕೆಟ್

ಕಾರಾ-ತೊಗೋಯ್
ನವೆಂಬರ್ ೧೩, ೨೦೧೮, ಮಂಗಳವಾರ

ಪ್ರೀತಿಯ ಅನಾರ್,

ನೀನೂ ಮಕ್ಕಳೂ ಆರೋಗ್ಯವಾಗಿದ್ದೀರಿ ತಾನೆ? ಬಿಷ್ಕೆಕ್‌ನಲ್ಲಿ ಇನ್ನೂ ಹಿಮ ಬಿದ್ದಿಲ್ಲವಂತೆ. ಇಲ್ಲಿ ಬಿದ್ದು, ಗಟ್ಟಿಯಾಗಿ, ಅದರ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಆಗಲೇ ಹನ್ನೊಂದು ಜನ. ನಿನ್ನ ಪತ್ರ ಬಂದು ಐದು ವಾರವಾಯಿತು. ಬಿಳಿ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಕೋಟು ಎರಡು ಸಲ ಒಗೆತಕ್ಕೆ ಹೋಯಿತು, ಅದರ ಜೊತೆ ಒಂದು ಸಲ ಪತ್ರವೂ ಹೋಗಿಬಂತು. ಮಡಿಕೆಗಳಲ್ಲಿ ಶಾಯಿ ಹರಡಿದೆ, ಆದರೂ ಓದಲು ಬರುತ್ತದೆ. ಓದದೆ ಇದ್ದರೂ ನಡೆಯುತ್ತದೆ, ನನಗೆ ಬಾಯಿಪಾಠವಾಗಿದೆ.

ಬೈಯಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಎಡಗಿವಿ ಹೋದಮೇಲೆ ಫೋನಿನಲ್ಲಿ ನೀನು "ಆಂ? ಆಂ?" ಎನ್ನುವುದು, ನಾನು ಇಲ್ಲಿ ಕೂಗುವುದು, ಪಕ್ಕದ ಮನೆಯವರು ಬಂದು ಏನಾಯಿತು ಎಂದು ವಿಚಾರಿಸುವುದು, ಇದೆಲ್ಲ ಬೇಡವೆಂದು ಸುಮ್ಮನಿದ್ದೆ. ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಬರೆಯುತ್ತೇನೆ.

ನೀನು ಮುಖ್ಯವಾಗಿ ಕೇಳಿದ್ದು ಒಂದೇ ಮಾತು. ಮುಖ್ಯ ವೈದ್ಯರು ನಿನ್ನನ್ನು ಮತ್ತೆ ತುರ್ತು ವಿಭಾಗಕ್ಕೆ ಹಿರಿಯ ನರ್ಸಾಗಿ ಕರೆಯುತ್ತಿದ್ದಾರೆ. "ಹಲ್ಲಿನ ಆಸ್ಪತ್ರೆಯಲ್ಲಿ ಮಕ್ಕಳ ಬಾಯಿಗೆ ಹತ್ತಿ ತುರುಕಿ ಸಾಕಾಗಿದೆ, ಬರೋಣ ಅನ್ನಿಸುತ್ತದೆ, ಆದರೆ ಆ ಕೋಣೆ ನೆನಪಾದರೆ ಕೈ ತಣ್ಣಗಾಗುತ್ತದೆ. ಈಗ ಅಲ್ಲಿ ಹೇಗಿದೆ, ನಿಜ ಹೇಳು ಜಿಪಾರ್. ನೀನು ಬಾ ಅಂದರೆ ಬರುತ್ತೇನೆ. ನೀನಿರುವ ಕಡೆ ನನಗೇನು ಭಯ?" ಎಂದು ಬರೆದಿದ್ದೀಯ. ಆ ಕೊನೆಯ ಸಾಲಿನ ಮೇಲೇ ಸೋಪಿನ ನೀರು ಬಿದ್ದಿದೆ.

ಈಗ ಹೇಗಿದೆ ಎಂದರೆ ಬಾತ್ಮಾ ಅಪಾ ಇದ್ದಾಳೆ. ಉತ್ತರ ಅಷ್ಟೇ. ಆದರೆ ನಿನಗೆ ಆಕೆ ಗೊತ್ತಿಲ್ಲ, ಹಾಗಾಗಿ ಬಿಡಿಸಿ ಬರೆಯಬೇಕು.

ಆಕೆ ಬಂದದ್ದು ಹೋದ ವರ್ಷ ಸೆಪ್ಟೆಂಬರಿನಲ್ಲಿ, ನೀನು ಹೋಗಿ ಆರು ತಿಂಗಳಾದ ಮೇಲೆ, ನೆಲ ಒರೆಸುವ ಆಯಾ ಆಗಿ. ವಯಸ್ಸು ಅರವತ್ತೆರಡು, ಹಾಗಾಗಿ ನಮಗೆಲ್ಲ ಅಕ್ಕ, ಅಪಾ. ಕುಳ್ಳಿ, ದಪ್ಪ, ಮೇಲಿನ ಸಾಲಿನಲ್ಲಿ ಎರಡು ಬಂಗಾರದ ಹಲ್ಲು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್. ನಮ್ಮೂರಿಂದ ಕಣಿವೆಯ ಹಳ್ಳಿಗಳಿಗೆ ಹೋಗುತ್ತಿದ್ದ ಆ ಹಳದಿ ಬಸ್ಸು ನಿನಗೆ ನೆನಪಿರಬೇಕು, ಕಣಿವೆಯ ಏರು ಹತ್ತುವಾಗ ನಾವೆಲ್ಲ ಇಳಿದು ತಳ್ಳುತ್ತಿದ್ದೆವಲ್ಲ. ಬಾತ್ಮಾ ಅಪಾ ಹೇಳುವ ಪ್ರಕಾರ ಆ ಬಸ್ಸಿನಲ್ಲಿ ಮೂರು ಹೆರಿಗೆ, ಒಂದು ಸಾವು, ಲೆಕ್ಕವಿಲ್ಲದಷ್ಟು ಹೊಡೆದಾಟ ಆಗಿವೆ. ಎಲ್ಲದರ ನಡುವೆಯೂ ಆಕೆ ಟಿಕೆಟ್ ಹರಿದಿದ್ದಾಳೆ.

ಮೊದಲ ವಾರ ನಾನು ಆಕೆಯನ್ನು ಗಮನಿಸಿಯೇ ಇರಲಿಲ್ಲ. ಗಮನಿಸಿದ್ದು ಬಕೆಟ್ಟನ್ನು. ಚಿಕಿತ್ಸೆಯ ಕೋಣೆಗೆ ಯಾರಾದರೂ ರೊಚ್ಚಿಗೆದ್ದವರನ್ನು ತಂದರೆ ಸಾಕು, ಎಲ್ಲಿದ್ದರೂ ಈ ಮುದುಕಿ ತನ್ನ ತಗಡಿನ ಬಕೆಟ್ ಎಳೆದುಕೊಂಡು ಬಂದು, ನೀರು ತುಂಬಿದ್ದನ್ನು, ಸರಿಯಾಗಿ ಹೊಸ್ತಿಲ ಮೇಲೆ ಇಟ್ಟುಬಿಡುತ್ತಿದ್ದಳು. ಬಾಗಿಲು ಮುಚ್ಚುವ ಹಾಗೇ ಇಲ್ಲ. ನಾನು ಎರಡು ಸಲ ಎಡವಿ ಕಾಲುಚೀಲ ಒದ್ದೆ ಮಾಡಿಕೊಂಡೆ. ಮೂರನೆಯ ಸಲ ರೇಗಿದೆ.

"ಅಪಾ, ಇದೇನು ಬಕೆಟ್ ಇಡೋ ಜಾಗಾನಾ?"

"ಮತ್ತಿನ್ನೆಲ್ಲಿ ಇಡ್ಲಿ ಡಾಕ್ಟರಮ್ಮಾ, ನಿಮ್ಮ ತಲೆ ಮೇಲಾ?" ಎಂದು ಬಂಗಾರದ ಹಲ್ಲು ತೋರಿಸಿದಳು. "ಬಸ್ಸಲ್ಲಿ ಜಗಳ ಹತ್ಕೊಂಡ್ರೆ ಮೊದ್ಲು ಮಾಡ್ಬೇಕಾದ್ದು ಬಾಗಿಲು ತೆಗೆಯೋದು. ಇಳಿದು ಹೋಗೋಕೆ ದಾರಿ ಇದೆ ಅಂತ ಗೊತ್ತಾದ್ರೆ ಅರ್ಧ ಜನ ಇಳಿಯೋದೇ ಇಲ್ಲ, ಅಲ್ಲೇ ಕೂತ್ಕೊಂಡು ಬೈತಿರ್ತಾರೆ. ಬಾಗಿಲು ಹಾಕ್ದೆ ಅಂದ್ಕೊಳ್ಳಿ, ಆಗ ಶುರು ನೋಡಿ ಮುಷ್ಟಿ."

ನಾನು ಇಪ್ಪತ್ತಾರು ವರ್ಷ ಅನುಭವವಿರುವ ವೈದ್ಯೆ. ನನಗೆ ನೆಲ ಒರೆಸುವವಳ ಪಾಠ. ಮೂಗು ಮುರಿದೆ, ಒಪ್ಪಿಕೊಳ್ಳುತ್ತೇನೆ.

ಆದರೆ ಅನಾರ್, ಕಣ್ಣಿದ್ದವರು ಎಷ್ಟು ದಿನ ಕಾಣದ ಹಾಗೆ ಇರುವುದು? ನಾವು ಏನು ಮಾಡುತ್ತಿದ್ದೆವು, ನಿನಗೇ ಗೊತ್ತು. ಒಬ್ಬ ಕೂಗಾಡುತ್ತ ಬಂದರೆ ನಾವು ಐದು ಜನ ಅವನಿಗಿಂತ ಜೋರಾಗಿ ಕೂಗಾಡುವುದು, ಸುತ್ತ ನಿಲ್ಲುವುದು, ಒಬ್ಬರು ಕಾಲು ಹಿಡಿ, ಒಬ್ಬರು ಕೈ ಹಿಡಿ, ಹಾಸಿಗೆಗೆ ಬಟ್ಟೆಪಟ್ಟಿಯಿಂದ ಕಟ್ಟು, ಸೂಜಿ ಚುಚ್ಚು, ಮಲಗಿದ ಮೇಲೆ ನಿಟ್ಟುಸಿರು ಬಿಡು. ಬಾತ್ಮಾ ಅಪಾ ಮಾಡುವುದೇ ಬೇರೆ. ಮೊದಲು ಬಕೆಟ್. ಆಮೇಲೆ ಜೊತೆಗೆ ಬಂದ ಬಂಧುಬಳಗಕ್ಕೆಲ್ಲ ಒಂದೊಂದು ಕೆಲಸ. ನಮ್ಮೂರಿನಲ್ಲಿ ಒಬ್ಬ ರೋಗಿಗೆ ಹದಿನಾಲ್ಕು ನೆಂಟರು ತಾನೆ! "ನೀನು ಚಹಾ ತಗೊಂಬಾ, ನೀನು ಇವನ ಬೂಟು ಹುಡುಕು, ನೀನು ಹೊರಗೆ ನಿಂತು ಡಾಕ್ಟರು ಬಂದ್ರಾ ನೋಡು" ಎನ್ನುತ್ತಾಳೆ. ಡಾಕ್ಟರಾದ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಒಂದು ನಿಮಿಷದಲ್ಲಿ ಕೋಣೆ ಖಾಲಿ. ಆಮೇಲೆ ತನ್ನ ಮೋಟು ಸ್ಟೂಲು ಎಳೆದುಕೊಂಡು, ಅವನ ಕೈಗೆಟುಕದಷ್ಟು ದೂರದಲ್ಲಿ, ಅವನಿಗಿಂತ ತಗ್ಗಿನಲ್ಲಿ ಕುಳಿತುಕೊಳ್ಳುತ್ತಾಳೆ. ಎರಡೂ ಕೈ ಮಂಡಿಯ ಮೇಲೆ, ಅಂಗೈ ಮೇಲಕ್ಕೆ. ಅವನು ಎಷ್ಟು ಜೋರಾಗಿ ಕೂಗುತ್ತಾನೋ ಆಕೆ ಅಷ್ಟು ಮೆಲ್ಲಗೆ ಮಾತಾಡುತ್ತಾಳೆ. ಕೊನೆಗೆ ಆಕೆ ಏನು ಹೇಳುತ್ತಿದ್ದಾಳೆಂದು ಕೇಳಿಸಿಕೊಳ್ಳುವುದಕ್ಕಾದರೂ ಅವನು ಬಾಯಿ ಮುಚ್ಚಬೇಕಾಗುತ್ತದೆ.

ಒಂದು ದಿನ ನನ್ನ ಕುತ್ತಿಗೆಯಲ್ಲಿದ್ದ ಸ್ಟೆತಾಸ್ಕೋಪನ್ನು ಬಿಚ್ಚಿ ನನ್ನ ಜೇಬಿಗೆ ಹಾಕಿದಳು. "ಹಗ್ಗ ಕೊಟ್ಟು ಬಾ ನನ್ನ ಎಳಿ ಅಂತ ನಿಂತಿದ್ದೀರಲ್ಲ" ಎಂದಳು. ಅಂದಿನಿಂದ ನಮ್ಮಲ್ಲಿ ಯಾರೂ ಆ ಕೋಣೆಗೆ ಅದನ್ನು ಕೊರಳಲ್ಲಿ ಹಾಕಿಕೊಂಡು ಹೋಗುವುದಿಲ್ಲ.

ಇನ್ನು ಆಕೆಯ ದೊಡ್ಡ ಮಂತ್ರ. "ಯಾರ ಮಗನಪ್ಪಾ ನೀನು? ನಿನ್ನ ಏಳು ಜನ ಅಪ್ಪಂದಿರ ಹೆಸರು ಹೇಳು ನೋಡೋಣ." ಅಷ್ಟೇ. ಅಪ್ಪ, ಅವನಪ್ಪ, ಅವನಪ್ಪ ಎಂದು ಏಳು ತಲೆಮಾರು, ನಡೆಯಲು ಕಲಿಯುವ ಮೊದಲೇ ಅಜ್ಜ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದಲ್ಲವೆ ಅದು? ಎಂಥವನಿಗೂ ನಾಲಿಗೆಯ ತುದಿಯಲ್ಲಿರುತ್ತದೆ. ಕಿಟಕಿಯ ಗಾಜು ಒಡೆದು ನಿಂತಿದ್ದವನು ಕೂಡ ಆ ಪ್ರಶ್ನೆ ಕೇಳಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಶುರುಮಾಡುತ್ತಾನೆ. ಏಳನೆಯ ಅಪ್ಪನ ಹತ್ತಿರ ಬರುವಷ್ಟರಲ್ಲಿ ಉಸಿರು ತಹಬಂದಿಗೆ ಬಂದಿರುತ್ತದೆ. ಆಮೇಲೆ ಬಾತ್ಮಾ ಅಪಾ, "ಓಹೋ, ಹಾಗಾದ್ರೆ ನೀನು ಮೇಲಿನ ಹಳ್ಳಿಯೋನು! ನಿಮ್ಮ ದೊಡ್ಡಪ್ಪ ನನ್ನ ಬಸ್ಸಲ್ಲಿ ಟಿಕೆಟ್ ಇಲ್ದೆ ಹತ್ತು ವರ್ಷ ಓಡಾಡಿದಾನೆ" ಎನ್ನುತ್ತಾಳೆ. ಅವನಿಗೆ ನಗು ಬರುತ್ತದೆ. ಚೋಲ್ಪೋನ್ ಅಷ್ಟರಲ್ಲಿ ಅವನ ರಕ್ತದೊತ್ತಡ ನೋಡಿ ಮುಗಿಸಿರುತ್ತಾಳೆ. (ಚೋಲ್ಪೋನ್ ನಿನ್ನ ಜಾಗಕ್ಕೆ ಬಂದ ನರ್ಸ್. ಒಳ್ಳೆಯವಳು, ಆದರೆ ನಿನ್ನಷ್ಟು ಚೆನ್ನಾಗಿ ರಕ್ತನಾಳ ಸಿಗುವುದಿಲ್ಲ ಅವಳಿಗೆ.)

ನಾನೂ ಒಂದು ಸಲ ಈ ಮಂತ್ರ ಪ್ರಯೋಗ ಮಾಡಿದೆ. ಬೇಕಾದರೆ ನಗು. ಗಾಜಿನಲ್ಲಿ ಅಂಗೈ ಕುಯ್ದುಕೊಂಡ ಒಬ್ಬ ನಲ್ಲಿ ರಿಪೇರಿಯವನು, ಹೊಲಿಗೆ ಹಾಕಿಸಿಕೊಳ್ಳಲೊಲ್ಲ, ಹತ್ತಿರ ಬಂದರೆ ಒದೆಯುತ್ತಾನೆ. ನಾನು ಸ್ಟೂಲಿನ ಮೇಲೆ ಕುಳಿತು, ದನಿ ಇಳಿಸಿ, ಅಂಗೈ ತೋರಿಸಿ, ಏಳು ಅಪ್ಪಂದಿರನ್ನು ಕೇಳಿದೆ. ಅವನು ಕೆಂಪಗಾದ. "ಒಬ್ಬ ಅಪ್ಪನೇ ಯಾರು ಅಂತ ಗೊತ್ತಿಲ್ಲ ನಂಗೆ, ಏಳು ಜನಾನ ಎಲ್ಲಿಂದ ತರ್ಲಿ? ಅನಾಥಾಶ್ರಮದ ವಾರ್ಡನ್ ಹೆಸ್ರು ಏಳ್ ಸಲ ಹೇಳ್ಲಾ?" ಎಂದು ತಟ್ಟೆ ಎತ್ತಿ ಎಸೆದ. ಅಯೋಡಿನ್ ಎಲ್ಲ ನನ್ನ ಕೋಟಿಗೆ. ಬಾತ್ಮಾ ಅಪಾ ಒಳಗೆ ಬಂದು ಅವನ ಮುಖ ನೋಡಿದಳು. "ತಪ್ಪಾಯ್ತು ಮಗನೇ, ಇವ್ಳು ಓದಿದೋಳು, ಇವ್ಳಿಗೇನು ಗೊತ್ತಾಗುತ್ತೆ. ಹೋಗ್ಲಿ, ನಿನ್ನಿಂದ್ಲೇ ಶುರುವಾಗ್ಲಿ. ನಿನ್ನ ಮಕ್ಳ ಹೆಸ್ರು ಹೇಳು" ಎಂದಳು. ಮೂವರು ಹೆಣ್ಣುಮಕ್ಕಳು ಅವನಿಗೆ. ಹೆಸರು ಹೇಳಿದ, ಯಾವ ತರಗತಿ ಎಂದು ಹೇಳಿದ, ನಡುವಿನವಳು ಚೆನ್ನಾಗಿ ಹಾಡುತ್ತಾಳೆ ಎಂದ. ಒಂಬತ್ತು ಹೊಲಿಗೆ ಹಾಕಿದೆ, ಅವನಿಗೆ ಗೊತ್ತೇ ಆಗಲಿಲ್ಲ. ಆ ದಿನ ನನಗೆ ಆಕೆಯ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ. ಆಕೆಯೇ ನನ್ನ ಕೋಟನ್ನು ತೆಗೆದುಕೊಂಡು ಹೋಗಿ ಉಜ್ಜಿ ಕೊಟ್ಟಳು.

ಯಾರೋ ಕರೆಯುತ್ತಿದ್ದಾರೆ. ಹನ್ನೆರಡನೆಯ ಸೊಂಟ ಬಂದಿರಬೇಕು.

ಬುಧವಾರ, ಮಧ್ಯಾಹ್ನ

ಹನ್ನೆರಡನೆಯದು ಸೊಂಟವಲ್ಲ, ಮೊಣಕೈ. ಈಗ ಚಹಾ ಮುಂದಿಟ್ಟುಕೊಂಡು ಮುಂದುವರಿಸುತ್ತಿದ್ದೇನೆ. ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಮೊನ್ನೆ ಭಾನುವಾರದ ವಿಷಯ.

ಭಾನುವಾರವೆಂದರೆ ಕುರಿಸಂತೆ, ಸಂತೆಯೆಂದರೆ ನಮಗೆ ಹಬ್ಬ. ಬೆಳಿಗ್ಗೆ ಹತ್ತೂವರೆಗೆ ನಾಲ್ವರು ಗಂಡಸರು ಒಬ್ಬನನ್ನು ಎಳೆದುಕೊಂಡು ಬಂದರು. ಐವತ್ತರ ಆಸುಪಾಸು, ಬಾಗಿಲು ತುಂಬುವಂಥ ಆಳು. ಮೈಯೆಲ್ಲ ಬೆವರು, ಹೊರಗೆ ಮೈನಸ್ ಹದಿನಾಲ್ಕು. ಕಣ್ಣು ಎಲ್ಲೋ. ಬಾಯಲ್ಲಿ ಬೈಗುಳ, ಅರ್ಧ ಅರ್ಥವಾಗುವಂಥದ್ದು, ಅರ್ಧ ಇಲ್ಲ. ಕೋಟಿನಿಂದ ವೋಡ್ಕಾ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು.

"ಕುಡ್ದು ಹುಚ್ಚು ಹಿಡ್ದಿದೆ ಡಾಕ್ಟ್ರೇ. ಸಂತೇಲಿ ಇಬ್ಬರನ್ನ ಕೆಡವಿದಾನೆ. ಕಟ್ಟಿ ಹಾಕಿ ಇವನನ್ನ" ಎಂದ ಅವನ ಭಾವಮೈದುನ. ಆ ಭಾವಮೈದುನನದೇ ತುಟಿ ಒಡೆದಿತ್ತು.

ಹೊಸ್ತಿಲು ದಾಟುವಾಗ ಎಳೆದಾಟದಲ್ಲಿ ಅವನ ಕಲ್ಪಾಕ್ ತಲೆಯಿಂದ ಬಿದ್ದು ನೆಲದ ಮೇಲೆ ಉರುಳಿತು. ಯಾರದೋ ಬೂಟು ಅದನ್ನು ತುಳಿಯಿತು. ಬಿಳಿ ಉಣ್ಣೆಯ ಟೋಪಿಯ ಮೇಲೆ ಕಪ್ಪು ಹೆಜ್ಜೆ. ನಾನು ನೋಡಿದೆ, ನೋಡಿಯೂ ಬಗ್ಗಲಿಲ್ಲ. ಗಂಡಸಿನ ಕಲ್ಪಾಕ್ ನೆಲದ ಮೇಲೆ ಬಿದ್ದರೆ ಎತ್ತಬೇಕೆಂದು ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಆದರೆ ಆ ಹೊತ್ತಿಗೆ ನನಗೆ ಅವನು ಯಾರ ಗಂಡನೂ ಅಲ್ಲ, ಯಾರ ಅಪ್ಪನೂ ಅಲ್ಲ, ಮಲಗಿಸಬೇಕಾದ ಒಂದು ಮೈ ಅಷ್ಟೇ.

ಅವನು ಘರ್ಜಿಸಿ ಕೈ ಬೀಸಿದ. ಔಷಧದ ತಟ್ಟೆ ಹಾರಿ ಗೋಡೆಗೆ ಬಡಿಯಿತು. ಚೋಲ್ಪೋನ್ ಮೂಲೆಗೆ ಸರಿದಳು. ನಾಲ್ವರಲ್ಲಿ ಇಬ್ಬರು ಕೈಬಿಟ್ಟು ಹೊರಗೆ ಓಡಿದರು. ನಾನು ಬಾಗಿಲ ಹತ್ತಿರವಿದ್ದೆ. ನನ್ನ ಬಲಗೈ ತಾನಾಗಿಯೇ ಹಿಂದೆ ಹೋಗಿ ಬಾಗಿಲಿನ ಅಂಚು ಹಿಡಿದು ಎಳೆಯಿತು. ಬಾಗಿಲು ಬಕೆಟ್ಟಿಗೆ ತಗುಲಿ ಟಣ್ ಎಂದಿತು. ಸ್ವಲ್ಪ ನೀರು ಚೆಲ್ಲಿತು. ಬಾತ್ಮಾ ಅಪಾ ಆಗ ಒಳಗೆ ಬರುತ್ತಿದ್ದವಳು ನನ್ನ ಕೈಯನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಚೋಲ್ಪೋನ್, ಸೂಜಿ ರೆಡಿ ಮಾಡು. ಪಟ್ಟಿ ತನ್ನಿ" ಎಂದೆ ನಾನು.

"ಜಿಪಾರ್, ಒಂದ್ ನಿಮಿಷ ಕೊಡು ನಂಗೆ" ಎಂದಳು ಬಾತ್ಮಾ ಅಪಾ. ಆಕೆ ನನ್ನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ನಿಧಾನವಾಗಿ ಬಗ್ಗಿ ಕಲ್ಪಾಕ್ ಎತ್ತಿಕೊಂಡಳು. ತನ್ನ ಏಪ್ರನ್ನಿನಲ್ಲಿ ಒರೆಸಿದಳು. ಒಂದು ಕಡೆ, ಇನ್ನೊಂದು ಕಡೆ, ಒಳಗಡೆ. ಅವನಿಗೆ ಕಾಣುವ ಹಾಗೆ, ಅವಸರವೇ ಇಲ್ಲದ ಹಾಗೆ. ಅವನು ಕೈ ಬೀಸುವುದನ್ನು ನಿಲ್ಲಿಸಿ ಟೋಪಿಯನ್ನೇ ನೋಡುತ್ತಿದ್ದ. ಆಗ ನನಗೆ ಹೊಳೆಯಿತು. ಅವನು ನಮ್ಮನ್ನು ಹೊಡೆಯಲು ಬರುತ್ತಿರಲಿಲ್ಲ, ಅದರ ಹಿಂದೆ ಬರುತ್ತಿದ್ದ. ಅವನಿಗೂ ಟೋಪಿಗೂ ನಡುವೆ ನಿಂತಿದ್ದವರು ನಾವು. ಬಾತ್ಮಾ ಅಪಾ ಅದನ್ನು ಔಷಧದ ಕಪಾಟಿನ ಮೇಲಿನ ಹಲಗೆಯ ಮೇಲೆ, ಎಲ್ಲರ ತಲೆಗಿಂತ ಎತ್ತರದಲ್ಲಿ ಇಟ್ಟಳು. ಅವನು ಮಂಚದ ಮೇಲೆ ಕುಳಿತ. ಕುಳಿತ, ಅನಾರ್! ನಾಲ್ಕು ಜನರ ಕೈಯಲ್ಲಿ ಆಗದ್ದು.

ಆಕೆ ಸ್ಟೂಲು ಎಳೆದುಕೊಂಡಳು. "ಯಾರ ಮಗನಪ್ಪಾ?"

"ಕೆರಿಂಬಾಯ್" ಎಂದ.

"ಅದು ನಿನ್ನ ಹೆಸ್ರು. ಅಪ್ಪ?"

"ಸೊಲ್ತೊನೊಯ್."

"ಅವನಪ್ಪ?"

"ಇಮಾನಾಲಿ."

"ಭೇಷ್. ಇಮಾನಾಲಿ ಅಪ್ಪ?"

"ಇಮಾನಾಲಿ." ತುಟಿ ಒದ್ದೆ ಮಾಡಿಕೊಂಡ. "ಇಮಾನಾಲಿ... ಇಮಾನಾಲಿ..." ಮತ್ತೆ ಎದ್ದು ನಿಲ್ಲಲು ನೋಡಿದ. ಕೈ ನಡುಗುತ್ತಿತ್ತು. ಕಣ್ಣಲ್ಲಿ ಹೆದರಿಕೆ. ಅಂಥ ಹೆದರಿಕೆಯನ್ನು ನಾನು ಗಂಡಸರ ಕಣ್ಣಲ್ಲಿ ಕಂಡದ್ದು ಕಡಿಮೆ.

ಚೋಲ್ಪೋನ್ ಸೂಜಿ ಹಿಡಿದು ಬಂದಳು. ನಾನು ಕೊಡು ಎಂದು ಸನ್ನೆ ಮಾಡಿದೆ. ಬಾತ್ಮಾ ಅಪಾ ತಿರುಗಿ ನೋಡದೆಯೇ ಹಿಂದಕ್ಕೆ ಕೈ ಚಾಚಿ ಅವಳನ್ನು ತಡೆದಳು.

"ಇದು ಕುಡಿತ ಅಲ್ಲ ಜಿಪಾರ್. ಇಪ್ಪತ್ತೆರಡು ವರ್ಷ ಕುಡುಕರನ್ನ ಹೊತ್ತು ತಿರುಗಿದೀನಿ. ಕುಡ್ದೋನು ಹೆಂಡ್ತಿ ಹೆಸ್ರು ಮರೀತಾನೆ, ಅಪ್ಪಂದಿರ ಹೆಸ್ರು ಮರೆಯಲ್ಲ, ಇನ್ನೂ ಎದೆ ಬಡ್ಕೊಂಡು ಹೇಳ್ತಾನೆ. ಇವನು ಮೂರನೇ ಅಪ್ಪನ ಹತ್ರಾನೇ ದಾರಿ ತಪ್ಪಿದಾನೆ. ಇವನೊಳಗೆ ಏನೋ ಆರಿ ಹೋಗ್ತಿದೆ. ನೋಡು, ನೀನು ಓದಿದೋಳು, ನೋಡು."

ನಾನು ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಒಂದು ಪಾಯಿಂಟ್ ಆರು.

ನಾಲ್ಕಕ್ಕಿಂತ ಮೇಲಿರಬೇಕು, ನಿನಗೆ ಹೇಳಬೇಕಾಗಿಲ್ಲ. ಅವನ ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ಮೇಲೆ ಇನ್ಸುಲಿನ್ ಚುಚ್ಚಿದ ಸಣ್ಣ ಸಣ್ಣ ಗುರುತುಗಳು. ಬೆಳಿಗ್ಗೆ ಸೂಜಿ ಹಾಕಿಕೊಂಡು, ಏನೂ ತಿನ್ನದೆ, ಕುರಿಗಳನ್ನು ಹೊಡೆದುಕೊಂಡು ಹೊರಟಿದ್ದಾನೆ. ವೋಡ್ಕಾ ಅವನು ಕುಡಿದದ್ದಲ್ಲ, ವ್ಯಾಪಾರ ಕುದುರಿದ ಸಂತೋಷಕ್ಕೆ ಭಾವಮೈದುನ ತೆರೆದ ಬಾಟಲಿ ಕೈತಪ್ಪಿ ಇವನ ಕೋಟಿನ ಮೇಲೆ ಚೆಲ್ಲಿತ್ತು. ಆ ನಿದ್ರೆಯ ಸೂಜಿಯನ್ನು ನಾನು ಚುಚ್ಚಿದ್ದರೆ ಅವನು ಸುಮ್ಮನಾಗುತ್ತಿದ್ದ. ನಾವು "ಸದ್ಯ, ಮಲಗಿದ" ಎಂದು ಚಹಾ ಕುಡಿಯಲು ಹೋಗುತ್ತಿದ್ದೆವು. ಅವನು ಏಳುತ್ತಲೇ ಇರಲಿಲ್ಲ.

ಬಾತ್ಮಾ ಅಪಾ ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಏನೇನೋ ಮಾತಾಡುತ್ತಿದ್ದಳು, ಬಸ್ಸಿನ ವಿಷಯ, ಸೊಲ್ತೊನೊಯ್ ಎಂಬುವನೊಬ್ಬ ಒಮ್ಮೆ ಆಡನ್ನು ಬಸ್ಸಿಗೆ ಹತ್ತಿಸಿ ಅದಕ್ಕೂ ಟಿಕೆಟ್ ಕೇಳಿದ ಕಥೆ. ಚೋಲ್ಪೋನ್‌ಗೆ ಆ ದಿನ ಒಂದೇ ಸಲಕ್ಕೆ ನಾಳ ಸಿಕ್ಕಿತು. ಗ್ಲೂಕೋಸ್ ಹರಿಸಿದೆವು. ಹತ್ತು ನಿಮಿಷವಾಗಿರಬಹುದು. ಅವನು ಕಣ್ಣು ಉಜ್ಜಿಕೊಂಡ, ಚಾವಣಿ ನೋಡಿದ, ಆಕೆಯನ್ನು ನೋಡಿದ. ಯಾರೂ ಕೇಳದೆಯೇ ಹೇಳತೊಡಗಿದ. "ಇಮಾನಾಲಿ ಅಪ್ಪ ಚೊಕೊಯ್. ಚೊಕೊಯ್ ಅಪ್ಪ ಬೊರೊನ್. ಬೊರೊನ್ ಅಪ್ಪ ತೊಕ್ತೊಸುನ್. ಅವನಪ್ಪ ಎಸೆನ್‌ಗುಲ್. ಅವನಪ್ಪ ಜಾಂತಾಯ್." ಮುಗಿಸಿ, ಕೋಣೆಯ ಸುತ್ತ ಕಣ್ಣಾಡಿಸಿ, "ನನ್ನ ಕುರಿ ಎಲ್ಲಿ?" ಎಂದ.

ಚೋಲ್ಪೋನ್ ನಕ್ಕಳು. ನಾನು ಅತ್ತೆ. ಔಷಧದ ಕಪಾಟಿನ ಕಡೆ ಮುಖ ಮಾಡಿ ಅತ್ತೆ, ಆದರೂ ಎಲ್ಲರಿಗೂ ಗೊತ್ತಾಯಿತು. ಬಾತ್ಮಾ ಅಪಾ ಕಲ್ಪಾಕ್ ಇಳಿಸಿ ಎರಡೂ ಕೈಯಿಂದ ಅವನಿಗೆ ಕೊಟ್ಟು, ಬಕೆಟ್ ಎತ್ತಿಕೊಂಡು, ಚೆಲ್ಲಿದ ನೀರು ಒರೆಸಲು ಹೊರಗೆ ಹೋದಳು.

ಸೋಮವಾರ ಮುಖ್ಯ ವೈದ್ಯರು ಎಲ್ಲರನ್ನೂ ಸೇರಿಸಿ ನನ್ನನ್ನು ಹೊಗಳಿದರು, "ಸಮಯಪ್ರಜ್ಞೆ" ಎಂದರು. ನಾನು ಎದ್ದು ನಿಂತು, ಸಮಯಪ್ರಜ್ಞೆ ಇದ್ದದ್ದು ನೆಲ ಒರೆಸುವವಳಿಗೆ, ನನ್ನ ಹತ್ತಿರ ಇದ್ದದ್ದು ಸೂಜಿ ಎಂದೆ. ಎಲ್ಲರೂ ನಕ್ಕರು, ವಿನಯ ಎಂದುಕೊಂಡರು. ಬಾತ್ಮಾ ಅಪಾ ಹಿಂದಿನ ಸಾಲಿನಲ್ಲಿ ಕುಳಿತು ಒಣಮೊಸರಿನ ಕುರುತ್ ಉಂಡೆ ಚಪ್ಪರಿಸುತ್ತಿದ್ದಳು. ಈಗ ಹೊಸ ನರ್ಸುಗಳು ಬಂದರೆ ಒಂದು ವಾರ ಆಕೆಯ ಹಿಂದೆ ತಿರುಗಬೇಕು ಎಂದು ನಾನೇ ನಿಯಮ ಮಾಡಿದ್ದೇನೆ. ಕಟ್ಟುವ ಪಟ್ಟಿಗಳನ್ನು ಬಳಸಿ ಏಳು ವಾರವಾಯಿತು. ಬಳಸಲೇಬೇಕಾದ ದಿನ ಬರುತ್ತದೆ, ಬರುವುದಿಲ್ಲ ಎನ್ನುವಷ್ಟು ಮರುಳಳಲ್ಲ ನಾನು. ಆಗಲೂ ಆಕೆ ಪಕ್ಕದಲ್ಲಿ ಕುಳಿತಿರುತ್ತಾಳೆ, ಬಿಚ್ಚುವ ತನಕ ಏಳುವುದಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ. ಕೋಣೆ ಅದೇ, ಗೋಡೆಗೆ ಹೊಸ ಬಣ್ಣ, ಸಲೈನ್ ಕಂಬಗಳನ್ನು ಈಗ ನೆಲಕ್ಕೆ ಬಿಗಿದಿದ್ದಾರೆ, ಯಾರೂ ಎತ್ತಿ ಬೀಸುವ ಹಾಗಿಲ್ಲ. ಬಾಗಿಲು ತೆರೆದೇ ಇರುತ್ತದೆ. ಕೆಲಸ ಮಾಡುವ ಜಾಗವೆಂದರೆ ಹೀಗಿರಬೇಕು ಎನ್ನುವಂತಿದೆ. ನೀನು ಬಂದರೆ ಈ ವಿಭಾಗಕ್ಕೆ ಕೈ ಬಂದಂತಾಗುತ್ತದೆ.

ನಮ್ಮ ಕಾವಲುಗಾರ ಸಾದಿರಣ್ಣ, ಸಾದಿರ್ ಬೈಕೆ, ಹೇಗಿದ್ದಾರೆಂದು ಪತ್ರದ ಕೊನೆಗೆ ಕೇಳಿದ್ದೀಯ. ಆ ಮಾರ್ಚಿನ ವಿಚಾರಣೆಯ ನಂತರ ಕಾವಲಿನ ಕೆಲಸ ಹೋದಮೇಲೆ ಅವರು ಸಂತೆಯ ಮೂಲೆಯಲ್ಲಿ ಬೂಟು ಹೊಲಿಯುತ್ತಾರೆ. ಹೆದರಿ ಚಿಲಕ ಹಾಕಿ ನಿನ್ನನ್ನು ಒಳಗೆ ಬಿಟ್ಟರು ಎಂಬ ಮಾತು ಊರಲ್ಲಿ ಇನ್ನೂ ಇದೆ. ನೀನು ಅವರಿಗೆ ಕಳಿಸಿದ ಉಣ್ಣೆಯ ಕಾಲುಚೀಲ, "ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ" ಎಂದು ಬರೆದ ಚೀಟಿ, ಎರಡನ್ನೂ ಅಂಗಡಿಯಲ್ಲೇ ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ನನ್ನ ಬೂಟಿನ ಹಿಮ್ಮಡಿ ಹೊಲಿಯುತ್ತ ಹೇಳಿದರು, "ನಂಗೆ ಚಿಲಕ ಹಾಕಿದ ನೆನಪೇ ಇಲ್ಲ ಕಣಮ್ಮ. ಆದ್ರೆ ಎಲ್ರೂ ಹೇಳ್ತಾರೆ. ನನ್ನ ಕೈ ಚಿಲಕದ ಮೇಲಿತ್ತಂತೆ. ಇಷ್ಟು ಜನ ಹೇಳ್ಬೇಕಾದ್ರೆ ಹಾಕಿರ್ಬೇಕು ಬಿಡು."

ಬಾತ್ಮಾ ಅಪಾಗೆ ನಿನಗೆ ಬರೆಯುತ್ತಿದ್ದೇನೆ ಎಂದೆ. ಒದ್ದೆ ಕೈಗಳನ್ನು ಒರೆಸಿಕೊಂಡು, ಎರಡೂ ಅಂಗೈ ಮೇಲೆತ್ತಿ ಹರಸಿದಳು. "ಕಾಣ್ದೇ ಇರೋ ಮಗಳೇ, ನಿನ್ನ ಒಲೆ ಬೆಚ್ಚಗಿರಲಿ, ನಿನ್ನ ಮಕ್ಕಳು ಎತ್ತರವಾಗಿ ಬೆಳೀಲಿ, ಉಳಿದಿರೋ ಕಿವಿಗೆ ಒಳ್ಳೇ ಮಾತೇ ಬೀಳಲಿ." ಹೇಳಿ ಮುಖ ಸವರಿಕೊಂಡಳು. ನಾನೂ ಆಮೀನ್ ಎಂದೆ. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ಜಿಪಾರ್

ಮರೆತ ಮಾತು ಎಂದು ಬರೆಯಲಾರೆ. ಮರೆತಿಲ್ಲ, ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ.

ಉಳಿದಿರುವ ಆ ಕಿವಿಗೆ ಈಗ ನಾನು ಹಾಕುವ ಮಾತು ಒಳ್ಳೆಯದಲ್ಲ. ಚಿಲಕ ಹಾಕಿದ್ದು ಸಾದಿರ್ ಬೈಕೆ ಅಲ್ಲ, ಅನಾರ್. ನಾನು.

ಆ ದಿನ, ನಿನ್ನ ಎಡಗಿವಿ ಹೋದ ದಿನ, ಆ ರೊಚ್ಚಿಗೆದ್ದ ರೋಗಿ ಸಲೈನ್ ಕಂಬ ಎತ್ತಿದಾಗ ನೀನು ಅವನಿಗೆ ಎದುರಾಗಿ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ನಾನು ನಿನ್ನ ಹಿಂದೆ ಇದ್ದೆ. ಸೂಜಿ ತರಲು ಹೋಗಿದ್ದೆ ಎಂದು ನಿನಗೆ ಹೇಳಿದ್ದು ಸುಳ್ಳು. ಹೊರಗೆ ಬಂದೆ, ಬಾಗಿಲು ಎಳೆದೆ, ಚಿಲಕ ಹಾಕಿದೆ. ನೀನು ನಾಲ್ಕು ಸಲ ಬಾಗಿಲು ಬಡಿದೆ. ಮೂರನೆಯ ಸಲ ನನ್ನ ಹೆಸರು ಕರೆದೆ. ನಾನು ಗೋಡೆಗೆ ಒರಗಿ ನಿಂತಿದ್ದೆ, ಚಿಲಕ ನನ್ನ ಕೈಯಳತೆಯಲ್ಲಿತ್ತು. ಸಾದಿರ್ ಬೈಕೆ ಓಡಿ ಬಂದರು, ಚಿಲಕ ತೆಗೆದು ಒಳಗೆ ನುಗ್ಗಿದರು. ಜನ ಬಂದು ನೋಡಿದಾಗ ಅವರ ಕೈ ಚಿಲಕದ ಮೇಲಿದ್ದದ್ದು ನಿಜ, ಅದು ತೆಗೆಯುತ್ತಿದ್ದ ಕೈ. ವಿಚಾರಣೆಯಲ್ಲಿ ನನ್ನನ್ನು ಕೇಳಿದರು, ನಾನು ನೋಡಲಿಲ್ಲ ಎಂದೆ. ನೀನು ಅವರಿಗೆ ಕಳಿಸಿದ ಕ್ಷಮೆ ಅವರಿಗೆ ಬೇಕಿರಲೇ ಇಲ್ಲ.

ಭಾನುವಾರ ಸಂಜೆ ನಾನು ಬಾತ್ಮಾ ಅಪಾಗೆ ಹೇಳಿದೆ. ಹೇಳುವ ಮೊದಲೇ ಆಕೆಗೆ ಗೊತ್ತಿತ್ತು. "ಬಂದ ಮೊದ್ಲ ವಾರಾನೇ ನೋಡಿದೆ. ಯಾರಾದ್ರೂ ಜೋರಾಗಿ ಕೂಗಿದ್ರೆ ಎಲ್ರೂ ರೋಗಿ ಕಡೆ ನೋಡ್ತಾರೆ, ನಿನ್ನ ಕೈ ಬಾಗಿಲ ಕಡೆ ಹೋಗುತ್ತೆ. ಬಸ್ಸಿನ ಕಥೆ ಸುಳ್ಳಲ್ಲ ಮಗಳೇ. ಆದ್ರೆ ಆ ಬಕೆಟ್ ನಾನು ರೋಗಿಗಳಿಗೋಸ್ಕರ ಇಟ್ಟಿದ್ದಲ್ಲ, ನಿನಗೋಸ್ಕರ ಇಟ್ಟಿದ್ದು" ಎಂದಳು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ನಾಳೆ ಬೆಳಿಗ್ಗೆ ಇದನ್ನೆಲ್ಲ ಮುಖ್ಯ ವೈದ್ಯರ ಕೈಗೆ ಬರಹದಲ್ಲಿ ಕೊಡುತ್ತೇನೆ, ಬರೆದು ಸಹಿ ಮಾಡಿ ಇಟ್ಟಿದ್ದೇನೆ. ಅಲ್ಲಿಂದ ನೇರವಾಗಿ ಸಾದಿರ್ ಬೈಕೆಯ ಅಂಗಡಿಗೆ. ಬಾತ್ಮಾ ಅಪಾ ಜೊತೆಗೆ ಬರುತ್ತೇನೆ ಎಂದಳು, ಬೇಡ ಎಂದೆ. ಈ ಪತ್ರ ನಿನ್ನನ್ನು ಮುಟ್ಟುವ ಹೊತ್ತಿಗೆ ನಾನು ಈ ವಿಭಾಗದಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ನೀನು ಬಾ ಎಂದು ಹೇಳುವ ಬಾಯಿ ನನಗಿಲ್ಲ. ಬರುವುದಾದರೆ ನನ್ನನ್ನು ನಂಬಿ ಬರಬೇಡ. ಬಾಗಿಲು ತೆರೆದಿರುತ್ತದೆ, ಅಲ್ಲಿ ಬಕೆಟ್ ಇದೆ.